ಹುಳು ಮನೆಯ ಬೆಕ್ಕು, ಬೇಟೆ ತಳಿಯ ನಾಯಿ: ಶಿಡ್ಲಘಟ್ಟ ಸೀಮೆಯ ಒಂದು ಪ್ರಕರಣ

ಚಿಕ್ಕಬಳ್ಳಾಪುರ ಜಿಲ್ಲೆ ಶಿಡ್ಲಘಟ್ಟ ತಾಲ್ಲೂಕಿನ ಒಂದು ರೇಷ್ಮೆ ಬೆಳೆಗಾರರ ಮನೆ. ಎರಡು ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ನಲವತ್ತು ಅಡಿ ಆಚೆ ಹುಳು ಮನೆ, ಒಂದು ಬೆಳೆಗೆ 200 ಮೊಟ್ಟೆ ಚಾಕಿ (ಎಳೆಯ ಹುಳು). ಮನೆಯಲ್ಲಿ ಅಜ್ಜಿ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ. ಸಾಕಿರುವುದು ಎರಡು ನಾಯಿ, ಒಂದು ಬೆಕ್ಕು, ಎಂಟು ನಾಟಿ ಕೋಳಿ. ಎರಡೂವರೆ ವರ್ಷದ ರಾಜ ಮುಧೋಳ ಬೆರಕೆ ಗಂಡು, ತೂಕ 24 ಕೆಜಿ. ಒಂಬತ್ತು ವರ್ಷದ ಪುಟ್ಟಿ ಊರ ತಳಿಯ ಹೆಣ್ಣು, 19 ಕೆಜಿ. ಬೂದುಬಣ್ಣದ ಹೆಣ್ಣು ಬೆಕ್ಕಿಗೆ ಮೂರು ವರ್ಷ.

ರಾಜ ಬೆಕ್ಕಿನ ಮೇಲೆ ಬಾಯಿ ಹಾಕಿದ್ದ. ನಮ್ಮಲ್ಲಿ ಸಲಹೆ ಕೇಳಿದಾಗ ಮನೆಯವರ ಪ್ರಶ್ನೆ ಒಂದೇ: ನಾಯಿಯನ್ನು ಇಟ್ಟುಕೊಳ್ಳೋದಾ, ಬೆಕ್ಕನ್ನು ಇಟ್ಟುಕೊಳ್ಳೋದಾ? ಈ ಸೀಮೆಯಲ್ಲಿ ಅದು ಸುಲಭದ ಪ್ರಶ್ನೆಯಲ್ಲ. ಹುಳು ಮನೆಯ ಬೆಕ್ಕನ್ನು ಯಾರೂ ಬರೀ ಮುದ್ದಿಗೆ ಸಾಕುವುದಿಲ್ಲ. ಇಲಿ ಹುಳುವನ್ನೂ ತಿನ್ನುತ್ತದೆ, ಚಂದ್ರಿಕೆಯ (ಹುಳು ಗೂಡು ಕಟ್ಟುವ ತಟ್ಟಿ) ಮೇಲಿನ ಗೂಡನ್ನು ಕೊರೆದು ಒಳಗಿನ ಕೋಶವನ್ನೂ ತಿನ್ನುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬಾರದು, ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಬೆಕ್ಕು ಹೋದರೆ ಮುಂದಿನ ದಾರಿ ಇಲಿ ಪಾಷಾಣ. ಜಿಂಕ್ ಫಾಸ್ಫೈಡ್ ಬೆರೆಸಿದ ಹಿಟ್ಟಿನುಂಡೆ ಇಲಿಯನ್ನೂ ಕೊಲ್ಲುತ್ತದೆ, ಅದನ್ನು ಮೂಸಿ ತಿಂದ ನಾಯಿಯನ್ನೂ ಕೊಲ್ಲುತ್ತದೆ. ಹಾಗಾಗಿ ನಾಯಿಯನ್ನು ಉಳಿಸಿಕೊಳ್ಳಲೆಂದು ಬೆಕ್ಕನ್ನು ಕಳಿಸಿಬಿಟ್ಟರೆ ನಾಯಿಗೇ ಹೊಸ ಅಪಾಯ ತಂದಂತೆ. ಇತ್ತ ತೋಟದ ಕಾವಲಿಗೆ ನಾಯಿಯೂ ಬೇಕು. ಇಬ್ಬರನ್ನೂ ಉಳಿಸಿಕೊಳ್ಳುವ ದಾರಿ ಹುಡುಕಲೇಬೇಕಿತ್ತು.

ಎಂಟು ವಾರದಲ್ಲಿ ಮೂರು ಘಟನೆ

ಮೊದಲನೆಯದು ಕೋಳಿ. ತಿಪ್ಪೆ ಕೆದಕುತ್ತಿದ್ದ ಹುಂಜ ರೆಕ್ಕೆ ಬಡಿದು ಹಾರಿದ್ದೇ ತಡ, ರಾಜ ಹಿಡಿದು ಎರಡು ಸಲ ತಲೆ ಕೊಡವಿದ. ಅಷ್ಟರಲ್ಲಿ ಅದರ ಕುತ್ತಿಗೆ ಮುರಿದಿತ್ತು. ಅಜ್ಜಿ ಅದೇ ಕೋಳಿಯಿಂದ ನಾಯಿಯ ಮೂತಿಗೆ ಬಾರಿಸಿದರು. ಮುಂದಿನ ಬೆಳೆಯಲ್ಲಿ ಎರಡನೆಯದು. ಸಂಜೆ ಬೆಕ್ಕು ಹುಳು ಮನೆಯಿಂದ ಅಡುಗೆಮನೆಯ ಕಡೆ ಅಂಗಳ ದಾಟಿ ಓಡಿತು. ರಾಜ ಬೆನ್ನಟ್ಟಿ ಸೊಂಟದ ಮೇಲೆ ಬಾಯಿ ಹಾಕಿದ. ಮಗ ಕೈಯಲ್ಲಿದ್ದ ಸೊಪ್ಪಿನ ಮಂಕರಿಯನ್ನೇ ಎಸೆದಿದ್ದಕ್ಕೆ ನಾಯಿ ಹಿಡಿತ ಬಿಟ್ಟಿತು. ಮೂರನೆಯದು ಅದಾದ ಆರನೆಯ ದಿನ, ಗೂಡು ಬಿಡಿಸುವ ಆಳುಗಳಿಗೆ ಬಾಡೂಟ ಹಾಕಿದ ಮಧ್ಯಾಹ್ನ. ಎಲೆ ಎಸೆದ ಜಾಗದಲ್ಲಿ ಮೂಳೆಗಾಗಿ ರಾಜನಿಗೂ ಪುಟ್ಟಿಗೂ ಜಗಳವಾಯಿತು. ಪುಟ್ಟಿಯ ಕಿವಿ ಹರಿಯಿತು, ಬಿಡಿಸಲು ಕೈ ಹಾಕಿದ ಮಗನ ಅಂಗೈಗೆ ಹಲ್ಲು ನೆಟ್ಟಿತು.

ಬೆಕ್ಕಿನ ಗಾಯದ ಬಗ್ಗೆ ಇಲ್ಲೇ ಹೇಳಬೇಕು, ಏಕೆಂದರೆ ಬಹಳ ಮನೆಗಳಲ್ಲಿ ಇದೇ ತಪ್ಪು ನಡೆಯುತ್ತದೆ. ಹೊರಗೆ ಕಂಡಿದ್ದು ಕಡಲೆಕಾಳಿನಷ್ಟು ಎರಡು ತೂತು. ಅರಿಶಿನ ಮೆತ್ತಿ ಸುಮ್ಮನಾದರು. ನಾಯಿಯ ಹಲ್ಲು ಚರ್ಮವನ್ನು ಸಣ್ಣದಾಗಿ ತೂರಿ, ಕೊಡವಿದಾಗ ಒಳಗಿನ ಮಾಂಸವನ್ನು ಜಜ್ಜುತ್ತದೆ, ಬಾಯಿಯ ರೋಗಾಣುವನ್ನು ಆಳಕ್ಕೆ ಬಿಡುತ್ತದೆ. ಮೇಲಿನ ತೂತು ಬೇಗ ಮುಚ್ಚಿಕೊಂಡು ಕೀವು ಒಳಗೇ ತುಂಬುತ್ತದೆ. ಮೂರನೆಯ ದಿನ ಬೆಕ್ಕು ಊಟ ಬಿಟ್ಟು ಅಟ್ಟದ ಮೂಲೆ ಸೇರಿತು. ಸೊಂಟ ಊದಿತ್ತು, ಮೈ ಕಾದಿತ್ತು. ಪಶುವೈದ್ಯರು ಕೂದಲು ಬೋಳಿಸಿ, ಕೀವು ತೆಗೆದು, ತೊಳೆದು, ಔಷಧಿ ಕೊಟ್ಟ ಮೇಲೆ ಬದುಕಿತು. ನಾಯಿ ಕಚ್ಚಿದ ಬೆಕ್ಕನ್ನು, ಗಾಯ ಎಷ್ಟೇ ಚಿಕ್ಕದಿರಲಿ, ಅದೇ ದಿನ ತೋರಿಸಬೇಕು. ಎದೆ ಅಥವಾ ಹೊಟ್ಟೆಯ ಮೇಲೆ ಕಚ್ಚಿದ್ದರೆ ಗಂಟೆ ಲೆಕ್ಕ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಚೂರು ಕೊಡುವುದು ಮಾತ್ರ ಎಂದಿಗೂ ಬೇಡ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಮಗನ ಅಂಗೈ ವಿಚಾರದಲ್ಲಿ ಮನೆಯವರು ಸರಿಯಾಗಿ ನಡೆದುಕೊಂಡರು. ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋದರು, ರೇಬೀಸ್ ಲಸಿಕೆ ಅಂದೇ ಶುರುವಾಯಿತು. ರಾಜನ ವಾರ್ಷಿಕ ಲಸಿಕೆಯ ಅವಧಿ ಐದು ತಿಂಗಳ ಹಿಂದೆಯೇ ಮುಗಿದಿತ್ತು. ಯಾವ ನಾಯಿಯ ಹಲ್ಲೆಂದು ಗೊತ್ತಿಲ್ಲದ್ದರಿಂದ ಎರಡನ್ನೂ ಬೇರೆ ಬೇರೆ ಕಟ್ಟಿ ಹತ್ತು ದಿನ ನಿಗಾ ಇಟ್ಟರು, ಅದು ಮುಗಿದ ಮೇಲೆ ಎರಡಕ್ಕೂ ಲಸಿಕೆ ಹಾಕಿಸಿದರು. ನಾಯಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿದ್ದರೆ ಮೊದಲು ನೆನೆಯಬೇಕಾದ ಕಾಯಿಲೆಯೇ ರೇಬೀಸ್. ತರಬೇತಿಯ ಮಾತು ಆಮೇಲೆ.

ಸದ್ದಿಲ್ಲದ ಕಡಿತ, ಸದ್ದಿನ ಜಗಳ

"ಬೆಕ್ಕನ್ನ ಕಂಡ್ರೆ ಅದಕ್ಕೆ ಹೊಟ್ಟೆಕಿಚ್ಚು ಕಣಪ್ಪ, ಅದಕ್ಕೇ ಹಾಲು ಹಾಕ್ತೀವಿ ಅಂತ ನೋಡ್ತಾ ಇರ್ತದೆ" ಅನ್ನುವುದು ಅಜ್ಜಿಯ ತೀರ್ಮಾನ. ಮಗನ ಪ್ರಕಾರ ನಾಯಿಗೆ ಕೊಬ್ಬು ಹೆಚ್ಚಾಗಿದೆ. ಮೂರೂ ಘಟನೆಯನ್ನು ಒಂದೇ ಗಂಟಿಗೆ ಕಟ್ಟಿ, ಮೂರಕ್ಕೂ ದೊಣ್ಣೆಯನ್ನೇ ಮದ್ದು ಮಾಡಿದ್ದರು.

ಈ ಪ್ರಕರಣದ ತಿರುಳು ಇಲ್ಲಿದೆ. ಒಂದೇ ನಾಯಿಯಲ್ಲಿ ಎರಡು ಬೇರೆ ಸಮಸ್ಯೆಗಳಿದ್ದವು. ಎರಡಕ್ಕೂ ಕಾರಣ ಬೇರೆ, ಚಿಕಿತ್ಸೆ ಬೇರೆ.

ಕೋಳಿ ಮತ್ತು ಬೆಕ್ಕಿನ ಮೇಲೆ ನಡೆದದ್ದು ಬೇಟೆ. ಬೇಟೆಯಲ್ಲಿ ಸಿಟ್ಟಿಲ್ಲ, ಆದ್ದರಿಂದ ಗುರುಗುಟ್ಟುವಿಕೆಯೂ ಇಲ್ಲ. ನಾಯಿ ಮೊದಲು ಗಮನಿಸುತ್ತದೆ, ನೆಟ್ಟ ನೋಟದಲ್ಲಿ ನಿಲ್ಲುತ್ತದೆ, ಮೈ ತಗ್ಗಿಸಿ ಹೊಂಚುತ್ತದೆ, ಅಟ್ಟುತ್ತದೆ, ಹಿಡಿಯುತ್ತದೆ, ಕೊಡವುತ್ತದೆ. ಒಂದು ಹೆಜ್ಜೆ ಮುಂದಿನ ಹೆಜ್ಜೆಯನ್ನು ಎಳೆದುಕೊಂಡು ಬರುವ ಸರಣಿ ಇದು. ಮುಧೋಳ ನೋಟದಿಂದ ಬೇಟೆ ಹಿಡಿಯುವ ತಳಿ. ಬಯಲು ಸೀಮೆಯಲ್ಲಿ ಓಡುವ ಪ್ರಾಣಿಯನ್ನು ದೂರದಿಂದ ಕಂಡು ಬೆನ್ನಟ್ಟಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ್ದು. ಅದರಲ್ಲಿ ಅಟ್ಟುವ ಹೆಜ್ಜೆ ಎಲ್ಲಕ್ಕಿಂತ ಬಲ. ಅಲುಗದ ಬೆಕ್ಕನ್ನು ಸಹಿಸಿಕೊಂಡ ನಾಯಿಯೇ ಓಡುವ ಬೆಕ್ಕನ್ನು ಕಂಡರೆ ತಡೆಯಲಾರದು. ಹುಂಜ ಹಾರಿದಾಗ ಮತ್ತು ಬೆಕ್ಕು ಓಡಿದಾಗಲೇ ಘಟನೆ ನಡೆದದ್ದು ಅದಕ್ಕೇ.

ಪುಟ್ಟಿಯೊಂದಿಗೆ ನಡೆದದ್ದು ಜಗಳ. ಅಲ್ಲಿ ಗುರುಗುಟ್ಟುವಿಕೆ ಇತ್ತು, ಹಲ್ಲು ಕಿರಿದದ್ದಿತ್ತು, ಬೆನ್ನ ಕೂದಲು ನಿಮಿರಿತ್ತು, ಊರಿಗೇ ಕೇಳುವ ಗದ್ದಲವಿತ್ತು. ಆದರೆ ಗಾಯ ಕಿವಿಯ ತುದಿಯಲ್ಲಿ ಮಾತ್ರ. ಕೊಲ್ಲುವ ಉದ್ದೇಶವಿಲ್ಲದ, ತನ್ನ ಪಾಲಿಗಾಗಿ ಮಾಡಿದ ಎಚ್ಚರಿಕೆ ಅದು. ಜನ ಗದ್ದಲದ ಜಗಳಕ್ಕೆ ಹೆದರುತ್ತಾರೆ, ಸದ್ದಿಲ್ಲದ ನೋಟವನ್ನು ಕಡೆಗಣಿಸುತ್ತಾರೆ. ಅಪಾಯದ ಲೆಕ್ಕದಲ್ಲಿ ಅದು ತಿರುಗುಮುರುಗು.

ಮನೆಯವರು ಫೋನಿನಲ್ಲಿ ಹಿಡಿದ ನಾಲ್ಕು ನಿಮಿಷದ ವಿಡಿಯೊ ಬಹಳ ನೆರವಾಯಿತು. ಗೇಟಿನಾಚೆ ಇಪ್ಪತ್ತು ಅಡಿ ದೂರದಲ್ಲಿ ಬೆಕ್ಕು ಕೂತಿದೆ. ರಾಜನ ಬಾಯಿ ಮುಚ್ಚಿದೆ, ಕಿವಿ ಮುಂದಕ್ಕೆ, ಬಾಲ ಅಲುಗುತ್ತಿಲ್ಲ, ಮುಂಗಾಲೊಂದು ಎತ್ತಿದೆ. ಮೂಗಿನ ಮುಂದೆ ಕೋಳಿ ಚೂರು ಹಿಡಿದರೂ ನೋಟ ಕದಲಲಿಲ್ಲ. ಮೂವತ್ತೈದು ಅಡಿಗೆ ಸರಿದಾಗ ಚೂರು ತಿಂದ, ಹೆಸರು ಕರೆದರೆ ಎರಡು ಸೆಕೆಂಡಿನಲ್ಲಿ ತಿರುಗಿದ. ತಿನಿಸು ತಿನ್ನಬಲ್ಲ, ಕರೆದರೆ ಕೇಳಬಲ್ಲ ಅಂತರವೇ ನಾಯಿ ಪಾಠ ಕಲಿಯಬಲ್ಲ ಅಂತರ. ಅದಕ್ಕಿಂತ ಹತ್ತಿರದಲ್ಲಿ ಏನು ಮಾಡಿದರೂ ತಲೆಗೆ ಹೋಗದು. ಅದೇ ವಿಡಿಯೊದ ಕೊನೆಗೆ ಪುಟ್ಟಿ ಪಕ್ಕಕ್ಕೆ ಬಂದಾಗ ರಾಜನ ಮೈಯೆಲ್ಲ ಸಡಿಲವಾಗಿ ಬಾಲ ಆಡಿತು.

ರಾಜನ ಹಿನ್ನೆಲೆ ಕೇಳಿದಾಗ ಉಳಿದದ್ದು ತಿಳಿಯಿತು. ಎಂಟು ತಿಂಗಳವರೆಗೆ ಗೌರಿಬಿದನೂರು ಕಡೆಯ ಒಂದು ತೋಟದಲ್ಲಿದ್ದ, ಅಲ್ಲಿ ಮೊಲದ ಹಿಂದೆ ಬಿಡುತ್ತಿದ್ದರು. (ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ನಾಯಿಗೆ ವ್ಯಾಯಾಮ ಎಂಬ ನೆಪವೂ ನಡೆಯದು.) ಮರಿಗಳು ಬೇರೆ ಜೀವಿಗಳನ್ನು ತಮ್ಮವರೆಂದು ಒಪ್ಪಿಕೊಳ್ಳಲು ಕಲಿಯುವ ಮುಖ್ಯ ಕಾಲ ಮೂರನೆಯ ವಾರದಿಂದ ಸುಮಾರು ಹನ್ನೆರಡು–ಹದಿನಾಲ್ಕನೆಯ ವಾರ. ಆ ಕಾಲದಲ್ಲಿ ಬೆಕ್ಕನ್ನೇ ನೋಡದೆ, ಆಮೇಲೆ ಓಡುವ ಸಣ್ಣ ಪ್ರಾಣಿಯನ್ನು ಹಿಡಿದರೆ ಮೆಚ್ಚುಗೆ ಪಡೆದು ಬೆಳೆದ ನಾಯಿ ಇದು.

ಇನ್ನೊಂದು ಸಂಗತಿ ಕ್ಯಾಲೆಂಡರ್ ಮುಂದಿಟ್ಟುಕೊಂಡಾಗ ಸಿಕ್ಕಿತು. ಮೂರು ಘಟನೆಯೂ ಬೆಳೆಯ ಕೊನೆಯ ದಿನಗಳಲ್ಲೇ ಆಗಿದ್ದವು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ಹಣ್ಣಾಗುವವರೆಗಿನ, ಅಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗಿನ ಏಳೆಂಟು ದಿನ ಮನೆಯವರಿಗೆ ನಿದ್ದೆಯಿಲ್ಲ; ಸೊಪ್ಪು ಕೊಯ್ಯುವುದು, ಹಾಕುವುದು, ಕಸ ತೆಗೆಯುವುದೇ ಆಗುತ್ತದೆ. ಆಗ ರಾಜನನ್ನು ಬೆಳಗಿನಿಂದ ಸಂಜೆವರೆಗೆ ಸರಪಳಿಯಲ್ಲಿ ಕಟ್ಟುತ್ತಿದ್ದರು, ಊಟ ಹೊತ್ತು ತಪ್ಪುತ್ತಿತ್ತು, ಓಡಾಟವಿಲ್ಲ. ಸರಪಳಿಯ ಉದ್ದ ಆರಡಿ, ಕಣ್ಣೆದುರಿಗೇ ಬೆಕ್ಕು ದಿನಕ್ಕೆ ಹತ್ತು ಸಲ ಓಡಾಡುವ ದಾರಿ. ಇಡೀ ದಿನ ನೋಡಿ ನೋಡಿ ಕಟ್ಟಿಕೊಂಡ ಆಸೆ, ಬಿಚ್ಚಿದ ಕ್ಷಣದಲ್ಲಿ ಹೊರಬಂತು. ಹುಳು ಹಣ್ಣಾಗುವ ದಿನದ ಮನೆ ಹೇಗಿರುತ್ತದೆ ಎಂದು ಕೇಳದೆ ಕೊಟ್ಟ ಸಲಹೆ ಈ ಮನೆಯಲ್ಲಿ ಒಂದು ಬೆಳೆಯನ್ನೂ ದಾಟುತ್ತಿರಲಿಲ್ಲ.

ಪಶುವೈದ್ಯರ ತಪಾಸಣೆ

ರಾಜನ ಕಿವಿ, ಹಲ್ಲು, ಕೀಲು, ಉಣ್ಣೆ ಜ್ವರಕ್ಕಾಗಿ ರಕ್ತ, ಎಲ್ಲ ಸರಿಯಿತ್ತು. ತೊಂದರೆ ಸಿಕ್ಕಿದ್ದು ಪುಟ್ಟಿಯಲ್ಲಿ. ಬೆಳಗ್ಗೆ ಏಳುವಾಗ ಹಿಂಗಾಲು ಸೆಟೆದುಕೊಳ್ಳುತ್ತಿತ್ತು, ಎಕ್ಸ್-ರೇಯಲ್ಲಿ ಎರಡೂ ಸೊಂಟದ ಕೀಲು ಸವೆದಿರುವುದು ಕಂಡಿತು. ಜಗಳ ಶುರುಮಾಡುತ್ತಿದ್ದವನು ರಾಜ ಎಂದೇ ಎಲ್ಲರೂ ನಂಬಿದ್ದರು. ನಿಜಕ್ಕೂ ರಾಜನ ಮೈ ತಗುಲಿದರೆ ನೋವಾಗಿ ಮೊದಲು ಗದರುತ್ತಿದ್ದವಳು ಪುಟ್ಟಿ. ಅವಳಿಗೆ ವೈದ್ಯರು ಬರೆದ ನೋವಿನ ಔಷಧಿ, ದಪ್ಪ ಕಂಬಳಿ, ಎರಡು ಕೆಜಿ ತೂಕ ಇಳಿಸುವ ಗುರಿ. ಮನುಷ್ಯರ ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಗೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಅದು ಬೇಡ.

ರಾಜನ ಬೀಜ ತೆಗೆಸಿದರೆ ಸರಿಹೋಗುತ್ತಾನೆಯೇ ಎಂದು ಮಗ ಕೇಳಿದರು. ಅಲೆದಾಟ, ಉಚ್ಚೆ ಹೊಯ್ದು ಗುರುತು ಮಾಡುವುದು, ಗಂಡುಗಳ ನಡುವಿನ ಜಗಳ ಕಡಿಮೆಯಾಗಬಹುದು. ಬೇಟೆಯ ಗುಣಕ್ಕೂ ಅದಕ್ಕೂ ನಂಟಿಲ್ಲ.

ಮೊದಲು ಬೇಲಿ

ಗುರಿಯನ್ನು ಮೊದಲ ದಿನವೇ ಬಿಡಿಸಿ ಹೇಳಬೇಕಾಯಿತು: ರಾಜನೂ ಬೆಕ್ಕೂ ಗೆಳೆಯರಾಗುವುದಿಲ್ಲ. ಮನುಷ್ಯರು ಪಕ್ಕದಲ್ಲಿದ್ದು, ಹಗ್ಗ ಕೈಯಲ್ಲಿದ್ದಾಗ ಬೆಕ್ಕನ್ನು ಕಂಡೂ ಸುಮ್ಮನಿರುವುದನ್ನು ಅವನು ಕಲಿಯಬಲ್ಲ. ಇಬ್ಬರನ್ನೇ ಬಿಟ್ಟು ಹೋಗುವ ದಿನ ಎಂದೂ ಬಾರದು. ಇದನ್ನು ಒಪ್ಪದ ಮನೆಯಲ್ಲಿ ಉಳಿದ ಯಾವ ಕೆಲಸವೂ ಬೆಕ್ಕನ್ನು ಕಾಯುವುದಿಲ್ಲ.

ಅಕ್ಕಪಕ್ಕದವರು ಕೊಟ್ಟ ಮೂರು ಸಲಹೆಗಳನ್ನು ತಕ್ಷಣ ನಿಲ್ಲಿಸಲಾಯಿತು. ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಹೊಂದಿಕೊಳ್ಳುತ್ತವೆ ಎಂಬುದು ಬೆಕ್ಕಿನ ಸಾವಿಗೆ ದಾರಿ. ಬೆಕ್ಕಿನ ಹತ್ತಿರ ಹೋದಾಗ ಮೂಗಿಗೆ ಖಾರದಪುಡಿ ಹಾಕುವುದು, ಹೊಡೆಯುವುದು ನಾಯಿಯ ಮನಸ್ಸಿನಲ್ಲಿ ಬೆಕ್ಕಿಗೂ ನೋವಿಗೂ ಗಂಟು ಹಾಕುತ್ತದೆ. ಬೇಟೆಯ ಆಸೆಗೆ ಈಗ ಭಯವೂ ದ್ವೇಷವೂ ಸೇರುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಇನ್ನೂ ಕೇಡು. ನಾಯಿ ಗುರುಗುಟ್ಟುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ಗುರುಗುಟ್ಟುವಿಕೆ ನಮಗೆ ಸಿಗುವ ಎಚ್ಚರಿಕೆಯ ಗಂಟೆ, ಅದನ್ನು ಕಳೆದುಕೊಳ್ಳಬಾರದು.

ಸರಪಳಿಯ ಬದಲು ತೋಟದ ಬದಿಗೆ 12×20 ಅಡಿಯ ದೊಡ್ಡಿ ಕಟ್ಟಿದರು. ಮೂಲೆಗೆ ಕಲ್ಲುಕಂಬ, ಏಳಡಿ ಎತ್ತರದ ತಂತಿಬಲೆ, ಬುಡದಲ್ಲಿ ತೋಡಿಕೊಂಡು ಹೋಗದಂತೆ ಕಲ್ಲು ಚಪ್ಪಡಿ, ಅರ್ಧ ಭಾಗಕ್ಕೆ ನೆರಳು. ಐದಡಿ ಬೇಲಿ ಈ ತಳಿಗೆ ಲೆಕ್ಕಕ್ಕಿಲ್ಲ. ಪಡಸಾಲೆಗೂ ಅಂಗಳಕ್ಕೂ ನಡುವಿನ ಕಬ್ಬಿಣದ ಗೇಟಿಗೆ ಹಳೆಯ ಬಿದಿರು ಚಂದ್ರಿಕೆ ಎರಡನ್ನು ಅಡ್ಡ ಕಟ್ಟಿದರು. ಪ್ಲಾಸ್ಟಿಕ್ ಚಂದ್ರಿಕೆ ಬಂದ ಮೇಲೆ ಮೂಲೆ ಸೇರಿದ್ದವು ಅವು. ನೋಟ ಮರೆಸಲು ಚೆನ್ನಾಗಿ ಒದಗಿದವು. ಕಣ್ಣಿಗೆ ಕಾಣದಿದ್ದರೆ ನೋಟದ ನಾಯಿಯ ಸರಣಿ ಶುರುವೇ ಆಗದು. ನಿಯಮ ಒಂದು: ನಾಯಿಗೂ ಬೆಕ್ಕಿಗೂ ನಡುವೆ ಯಾವಾಗಲೂ ಎರಡು ಮುಚ್ಚಿದ ಬಾಗಿಲು. ಒಂದನ್ನು ಯಾರಾದರೂ ಮರೆತೇ ಮರೆಯುತ್ತಾರೆ, ಅದಕ್ಕೆ ಎರಡು.

ಬೆಕ್ಕಿನ ಏರ್ಪಾಟು ಇದಕ್ಕಿಂತ ಮುಖ್ಯವಾಯಿತು. ಅದು ನೆಲದ ಮೇಲೆ ಅಂಗಳ ದಾಟುವುದೇ ತೊಂದರೆಯ ಮೂಲ. ಮನೆಯ ಅಟ್ಟದ ಕಿಟಕಿಯಿಂದ ಕಾಂಪೌಂಡ್ ಗೋಡೆಯ ಮೇಲೆ ಹಾದು ಹುಳು ಮನೆಯ ಮುಂಕೋಣೆಯವರೆಗೆ, ಎಂಟಡಿ ಎತ್ತರದಲ್ಲಿ ಒಂಬತ್ತಂಗುಲ ಅಗಲದ ಹಲಗೆ ದಾರಿ ಹಾಕಿದರು. ಹುಳು ಮನೆಯ ಕಿಟಕಿಗಳಿಗೆ ರೇಷ್ಮೆ ಹುಳುವನ್ನು ಕಾಡುವ ಊಜಿ ನೊಣ ತಡೆಯುವ ಬಲೆ ಮೊದಲೇ ಇದೆ, ಬೆಕ್ಕು ಹುಳುವಿನ ಹತ್ತಿರ ಹೋಗುವ ಅಗತ್ಯವೂ ಇಲ್ಲ. ಇಲಿ ನುಗ್ಗುವ ಮುಂಕೋಣೆ ಮತ್ತು ಸೊಪ್ಪಿನ ಕೋಣೆಯಲ್ಲಿ ಅದು ಕೂತರೆ ಸಾಕು. ಬಾಗಿಲಲ್ಲಿ ಬೆಕ್ಕಿಗೆಂದು ಕೊರೆದ ಕಂಡಿಯಲ್ಲಿ ಮೊದಲು ತಪ್ಪಾಯಿತು. ಹದಿನೈದು ಸೆಂಟಿಮೀಟರ್ ಅಗಲವಾಗಿ ನೆಲಮಟ್ಟದಲ್ಲಿ ಕೊರೆದಿದ್ದರು. ಮುಧೋಳದ ತಲೆ ಉದ್ದ, ಸಪೂರ. ಎದೆ ತೂರದಿದ್ದರೂ ತಲೆ ತೂರುತ್ತದೆ, ಒಳಗಿನ ಬೆಕ್ಕಿಗೆ ಅಷ್ಟೇ ಸಾಕು. ಅದನ್ನು ಮುಚ್ಚಿ ನಾಲ್ಕಡಿ ಎತ್ತರದಲ್ಲಿ ಬೇರೆ ಕಂಡಿ ಕೊರೆದು, ಒಳಗೆ ಒಂದು ಅಡ್ಡ ಹಲಗೆ ಬಡಿದರು.

ಕೋಳಿಗೆ ಪಾಠ ಬೇಡ, ಬಲೆ ಸಾಕು ಎಂದು ನಿರ್ಧಾರವಾಯಿತು. ಮೇಲೂ ಮುಚ್ಚಿದ ಗೂಡು, ರಾಜ ಹೊರಗಿರುವಾಗ ಕೋಳಿ ಒಳಗೆ.

ಎರಡು ನಾಯಿಗಳ ಊಟ ಬೇರೆಯಾಯಿತು. ಬೆಳಗ್ಗೆ ಆರೂವರೆ, ಸಂಜೆ ಆರೂವರೆ. ಪುಟ್ಟಿಗೆ ಅಡುಗೆಮನೆಯ ಹಿಂಬದಿ, ರಾಜನಿಗೆ ದೊಡ್ಡಿಯಲ್ಲಿ. ಇಪ್ಪತ್ತು ನಿಮಿಷಕ್ಕೆ ತಟ್ಟೆ ಎತ್ತಬೇಕು. ಬೇಯಿಸಿದ ಮೂಳೆ ಪೂರ್ತಿ ಬಂದ್: ಅದು ಜಗಳಕ್ಕೂ ಮೂಲ, ಸೀಳಿ ಕರುಳಿಗೂ ಚುಚ್ಚುತ್ತದೆ. ಬಾಡೂಟದ ದಿನ ಎಲೆ ಎಸೆಯುವ ಮೊದಲೇ ಎರಡೂ ನಾಯಿ ಒಳಗೆ. ಮತ್ತೆ ಜಗಳ ಬಿದ್ದರೆ ಬಿಡಿಸಲೆಂದು ಒಂದು ಅಗಲದ ಹಲಗೆ, ಒಂದು ಒದ್ದೆ ಗೋಣಿಚೀಲ ಪಡಸಾಲೆಯಲ್ಲಿ ಇಟ್ಟರು. ಹಲಗೆಯನ್ನು ಎರಡರ ನಡುವೆ ತೂರಿಸಬೇಕು, ಇಲ್ಲವೇ ಗೋಣಿಯನ್ನು ತಲೆಯ ಮೇಲೆ ಎಸೆಯಬೇಕು. ಬಾಯಿಯ ಹತ್ತಿರ ಕೈ, ಕೊರಳಪಟ್ಟಿಗೆ ಕೈ, ಎರಡೂ ಕೂಡದು. ಪುಟ್ಟಿಯ ನೋವು ಇಳಿದ ಮೂರನೆಯ ವಾರದಿಂದ ಗದರುವುದೇ ಅಪರೂಪವಾಯಿತು, ಅಲ್ಲಿಗೆ ಆ ಭಾಗ ಮುಗಿಯಿತು.

ಪಾಠದ ಅಳತೆ

ಮೊದಲ ಎರಡು ವಾರ ಬೆಕ್ಕಿನ ಸುದ್ದಿಯೇ ಇಲ್ಲ. ಆ ಅವಧಿಯಲ್ಲಿ ರಾಜ ಮೂರು ಸಂಗತಿ ಕಲಿತ: ಹೆಸರು ಕರೆದರೆ ಮುಖ ತಿರುಗಿಸುವುದು, ಗೋಣಿಚೀಲದ ಮೇಲೆ ಕೂರುವುದು, ಬಾಯಿಕುಕ್ಕೆ ಹಾಕಿಕೊಳ್ಳುವುದು. ಎತ್ತಿನ ಕುಕ್ಕೆಯಂತೆ ಬುಟ್ಟಿಯ ಆಕಾರದ್ದೇ ಬೇಕು. ಬಟ್ಟೆಯ ಪಟ್ಟಿ ಕಟ್ಟಿದರೆ ನಾಯಿ ಬಾಯಿ ತೆರೆದು ಏದುಸಿರು ಬಿಡಲಾರದು, ಬಿಸಿಲಲ್ಲಿ ಅದು ಪ್ರಾಣಕ್ಕೆ ಅಪಾಯ. ಅಂಗಡಿಯ ಅಳತೆಗಳು ಈ ಉದ್ದ ಮೂತಿಗೆ ಒಗ್ಗುವುದಿಲ್ಲ. ಮೂಗಿನ ತುದಿಯಿಂದ ಕಣ್ಣಿನ ಕೆಳಗಿನವರೆಗೆ ಉದ್ದ ಅಳೆದು ಒಂದು ಸೆಂಟಿಮೀಟರ್ ಸೇರಿಸಬೇಕು, ಬಾಯಿ ತೆರೆದಾಗಿನ ಸುತ್ತಳತೆಯನ್ನೂ ತೆಗೆದುಕೊಳ್ಳಬೇಕು. ಮೊದಲ ಮೂರು ದಿನ ಕುಕ್ಕೆಯೊಳಗಿನ ತಿನಿಸನ್ನು ತಾನೇ ಮೂತಿ ಹಾಕಿ ತಿಂದ. ಆಮೇಲೆ ಎರಡು ಸೆಕೆಂಡು ಪಟ್ಟಿ ಹಿಡಿಯುವುದು, ಹತ್ತು ಸೆಕೆಂಡು, ಒಂದು ನಿಮಿಷ. ಹತ್ತನೆಯ ದಿನಕ್ಕೆ ಕುಕ್ಕೆ ಕಂಡರೆ ಓಡಿಬಂದು ಮೂತಿ ಚಾಚುತ್ತಿದ್ದ.

ಬೆಳಗ್ಗೆ ಐದೂವರೆಗೆ ತೋಟದ ದಾರಿಯಲ್ಲಿ ಮೂವತ್ತಡಿ ಹಗ್ಗ ಮತ್ತು ಎದೆಪಟ್ಟಿಯಲ್ಲಿ ನಲವತ್ತು ನಿಮಿಷ. ಸಂಜೆ ಹಿಪ್ಪುನೇರಳೆ ಸಾಲಿನ ನಡುವೆ ಒಣ ತಿನಿಸು ಚೆಲ್ಲಿ ಮೂಸಿ ಹುಡುಕಲು ಬಿಡುವುದು. ಗಿಡಕ್ಕೆ ಔಷಧಿ ಹೊಡೆದ ದಿನಗಳಲ್ಲಿ ಸಾಲಿಗೆ ಬಿಡಬಾರದು.

ಪಾಠದ ತಿನಿಸು ಉಪ್ಪು, ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಮಾಂಸ, ಬಟಾಣಿ ಗಾತ್ರ, ಒಂದು ಸಲಕ್ಕೆ ಮೂವತ್ತು ಚೂರು. ಅಷ್ಟನ್ನು ಮುದ್ದೆಯ ಊಟದಲ್ಲಿ ಕಡಿಮೆ ಮಾಡಬೇಕು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಚೂರು ಬೇಡ, ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಈ ಜಿಲ್ಲೆಯಲ್ಲಿ ಕೈಗೆ ಸುಲಭವಾಗಿ ಸಿಗುವ ದ್ರಾಕ್ಷಿಯೂ ಬೇಡ, ನಾಯಿಯ ಮೂತ್ರಪಿಂಡಕ್ಕೆ ಅದು ವಿಷ.

ಮೂರನೆಯ ವಾರದಿಂದ ಬೆಕ್ಕಿನ ಪಾಠ. ದಿನಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಮೂರು ನಿಮಿಷ, ವಾರಕ್ಕೆ ಆರು ದಿನ. ಬೆಕ್ಕು ಎತ್ತರದ ಕಿಟಕಿ ಕಟ್ಟೆಯಲ್ಲಿ ಮೀನಿನ ತಲೆ ತಿನ್ನುತ್ತಿರುತ್ತದೆ, ಬೇಕೆಂದಾಗ ಒಳಗೆ ಹೋಗಲು ದಾರಿ ತೆರೆದಿರುತ್ತದೆ. ಬೆಕ್ಕನ್ನು ಕೈಯಲ್ಲಿ ಹಿಡಿದು ನಿಲ್ಲಬಾರದು. ಹಿಡಿದವರಿಗೂ ಗಾಯ, ಬೆಕ್ಕಿಗೂ ಮತ್ತೆ ಆ ಜಾಗವೆಂದರೆ ಭಯ. ರಾಜ ಮೂವತ್ತೈದು ಅಡಿಯಲ್ಲಿ, ಹಗ್ಗ ಮತ್ತು ಕುಕ್ಕೆ ಸಮೇತ. ಮೊದಲು ಬೆಕ್ಕು ಕಾಣಬೇಕು, ಆಮೇಲೆ ಚೂರು ಬರಬೇಕು. ಬೆಕ್ಕು ಮರೆಯಾದರೆ ಚೂರೂ ನಿಲ್ಲಬೇಕು. ಈ ಕ್ರಮ ತಿರುಗುಮುರುಗಾಗಿ ಚೂರು ತೋರಿಸಿ ನಾಯಿಯನ್ನು ಕರೆತಂದು ಆಮೇಲೆ ಬೆಕ್ಕನ್ನು ತೋರಿಸಿದರೆ, ಚೂರೇ ಬೆಕ್ಕಿನ ಮುನ್ಸೂಚನೆಯಾಗಿ ನಾಯಿ ತಿನಿಸನ್ನೇ ಅನುಮಾನಿಸಲು ಕಲಿಯುತ್ತದೆ. ಒಂದೇ ಅಂತರದಲ್ಲಿ ಸತತ ಮೂರು ಪಾಠದಲ್ಲಿ ಎರಡು ಸೆಕೆಂಡಿನೊಳಗೆ ಬೆಕ್ಕಿನಿಂದ ಮುಖ ತಿರುಗಿಸಿ, ಬಾಯಿ ಸಡಿಲವಾಗಿ, ಚೂರನ್ನು ಮೃದುವಾಗಿ ತೆಗೆದುಕೊಂಡರೆ ಮೂರಡಿ ಮುಂದೆ. ಕಸಿದುಕೊಂಡು ತಿಂದರೆ ಮುಂದೆ ಹೋಗುವಂತಿಲ್ಲ, ಅದು ಒಳಗಿನ ಬಿಗಿತದ ಗುರುತು.

ಎಡವಿದ್ದು ಎಲ್ಲಿ

ನಾಲ್ಕನೆಯ ವಾರದ ಕೊನೆಗೆ ಅಂತರ ಇಪ್ಪತ್ಮೂರು ಅಡಿಗೆ ಇಳಿದಿತ್ತು. ಐದು ದಿನ ಒಂದೂ ತಪ್ಪಿಲ್ಲದೆ ನಡೆದದ್ದು ನೋಡಿ ಮಗನಿಗೆ ಧೈರ್ಯ ಬಂತು, ಒಂದೇ ದಿನ ಹನ್ನೆರಡಡಿಗೆ ತಂದರು. ಅದೇ ಹೊತ್ತಿಗೆ ಬೆಕ್ಕು ಕಟ್ಟೆಯಿಂದ ಗೋಣಿ ರಾಶಿಗೆ ಜಿಗಿಯಿತು. ರಾಜ ನುಗ್ಗಿದ. ಅಂದು ಎದೆಪಟ್ಟಿಯ ಬದಲು ಸಾಮಾನ್ಯ ಕೊರಳಪಟ್ಟಿ ಹಾಕಿದ್ದರು. ಈ ತಳಿಯ ಕುತ್ತಿಗೆಗಿಂತ ತಲೆ ಕಿರಿದು, ಹಿಂದಕ್ಕೆ ಜಗ್ಗಿದರೆ ಪಟ್ಟಿ ಬಳೆಯಂತೆ ಕಳಚಿಕೊಳ್ಳುತ್ತದೆ. ಕಳಚಿತು. ಬಾಯಿಕುಕ್ಕೆ ಇದ್ದುದರಿಂದ ಬೆಕ್ಕಿಗೆ ಹಲ್ಲು ತಾಗಲಿಲ್ಲ, ಮೂತಿಯ ಗುದ್ದು ಬಿದ್ದರೂ ಹಲಗೆ ಹತ್ತಿ ಪಾರಾಯಿತು. ಅಂದಿನಿಂದ ಎರಡು ಹಗ್ಗ: ಒಂದು ಎದೆಪಟ್ಟಿಗೆ, ಇನ್ನೊಂದು ಎಳೆದಾಗ ತುಸು ಬಿಗಿಯಾಗಿ ತಲೆಯಿಂದ ಜಾರದ ಅಗಲದ ಕೊರಳಪಟ್ಟಿಗೆ.

ತಪ್ಪು ಪಟ್ಟಿಯದು ಮಾತ್ರವಲ್ಲ. ಅಂತರ ಒಂದು ಪಾಠ, ಚಲನೆ ಇನ್ನೊಂದು ಪಾಠ. ಕೂತ ಬೆಕ್ಕನ್ನು ಇಪ್ಪತ್ಮೂರು ಅಡಿಯಲ್ಲಿ ಸಹಿಸಿದ ನಾಯಿಗೆ ಜಿಗಿಯುವ ಬೆಕ್ಕು ಹೊಸ ವಿಷಯ. ಒಂದನ್ನು ಕಷ್ಟ ಮಾಡುವ ದಿನ ಇನ್ನೊಂದನ್ನು ಸುಲಭ ಮಾಡಬೇಕು. ಮತ್ತೆ ಮೂವತ್ತೈದರಿಂದ ಶುರುವಾಯಿತು. ಒಂದು ಸಲ ಬೆನ್ನಟ್ಟಿದ್ದೂ ನಾಯಿಗೆ ಅಭ್ಯಾಸವೇ, ಬಹುಮಾನವೇ; ಓಟದಲ್ಲೇ ಅದಕ್ಕೆ ಸುಖವಿದೆ, ಹಿಡಿಯಲೇಬೇಕೆಂದಿಲ್ಲ. ಹದಿನೈದು ದಿನದ ಕೆಲಸ ಒಂದು ನಿಮಿಷದಲ್ಲಿ ಹೋಗುವುದು ಹೀಗೆ.

ಐದನೆಯ ವಾರ ಹೊಸ ಚಾಕಿ ಮನೆಗೆ ಬಂತು. ನಾಲ್ಕನೇ ಜ್ವರ ಎದ್ದ ದಿನದಿಂದ ಗೂಡು ಬಿಡಿಸುವವರೆಗೆ ಬೆಕ್ಕಿನ ಪಾಠವನ್ನು ಪೂರ್ತಿ ನಿಲ್ಲಿಸಿ, ಬರೀ ಎರಡು ಬಾಗಿಲ ನಿಯಮ ಇಟ್ಟುಕೊಂಡರು. ದಣಿದವರು ಕೊಡುವ ಪಾಠ ಅಪಾಯಕಾರಿ. ಆದರೆ ಬೆಳಗಿನ ನಡಿಗೆ ನಿಲ್ಲಬಾರದೆಂದು ಪಕ್ಕದ ಮನೆಯ ಹುಡುಗನಿಗೆ ಸಂಬಳ ಕೊಟ್ಟು ಒಪ್ಪಿಸಿದರು. ಬೆಳೆಯ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಆ ದಿನ ಗೇಟಿನ ಜವಾಬ್ದಾರಿ ಯಾರದು ಎಂದು ಸೊಸೆ ಬರೆದಿಡುತ್ತಾರೆ. ಮೊಮ್ಮಗನ ಹೆಸರು ಅದರಲ್ಲಿಲ್ಲ. ಆಳುಗಳು ಬರುವ ದಿನ ದೊಡ್ಡಿಗೆ ಬೀಗ, ಬೀಗದ ಕೈ ಅಜ್ಜಿಯ ಸೆರಗಿನಲ್ಲಿ.

ರಾಜನನ್ನು ಹೆದ್ದಾರಿ ಆಚೆ ಬಿಟ್ಟು ಬಂದುಬಿಡಿ ಎಂದವರು ಊರಲ್ಲಿದ್ದರು. ಸಾಕಿದ ಪ್ರಾಣಿಯನ್ನು ಹಸಿವು, ನೀರಡಿಕೆಗೆ ಸಿಕ್ಕುವಂತೆ ಬಿಟ್ಟುಹೋಗುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. ಅದಕ್ಕೂ ಮಿಗಿಲಾಗಿ, ಎರಡು ವರ್ಷ ಅನ್ನ ಹಾಕಿದ ಕೈ ಅದು. ಎರಡು ಬಾಗಿಲ ನಿಯಮವನ್ನು ಪಾಲಿಸಲು ಆಗದ ಮನೆಯಾದರೆ, ಬೆಕ್ಕು ಕೋಳಿ ಇಲ್ಲದ ಮನೆ ಹುಡುಕಿ, ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿ ಕೊಡುವುದು ಸರಿ. ಈ ಮನೆಗೆ ಆ ಪರಿಸ್ಥಿತಿ ಬರಲಿಲ್ಲ.

ಹದಿನಾರನೆಯ ವಾರ

ಕೂತ ಬೆಕ್ಕು ಎಂಟಡಿಯಲ್ಲಿ, ನಡೆಯುವ ಬೆಕ್ಕು ಹತ್ತಡಿಯಲ್ಲಿ ಇದ್ದರೂ ರಾಜ ಗೋಣಿಚೀಲದ ಮೇಲೆ ಕೂತು ಮಾಲೀಕರ ಮುಖ ನೋಡುತ್ತಾನೆ. ಓಡುವ ಬೆಕ್ಕಿಗೆ ಇನ್ನೂ ಇಪ್ಪತ್ತೈದಡಿ ಬೇಕು, ಅಲ್ಲೂ ಹತ್ತರಲ್ಲಿ ಎರಡು ಮೂರು ಸಲ ಹಗ್ಗ ಬಿಗಿಯಾಗುತ್ತದೆ. ಅದು ಇದಕ್ಕಿಂತ ಬಹಳ ಸುಧಾರಿಸುತ್ತದೆಂದು ನಾವು ನಿರೀಕ್ಷಿಸುವುದಿಲ್ಲ, ಹಗ್ಗ ಮತ್ತು ಕುಕ್ಕೆ ಬೆಕ್ಕಿನ ಮುಂದೆ ಉಳಿಯುತ್ತವೆ. ಎರಡು ಬೆಳೆ ಘಟನೆಯಿಲ್ಲದೆ ಮುಗಿದಿವೆ. ಪುಟ್ಟಿ ಒಂದೂವರೆ ಕೆಜಿ ಇಳಿದಿದ್ದಾಳೆ, ಮಧ್ಯಾಹ್ನ ರಾಜನ ಬೆನ್ನಿಗೆ ಒರಗಿ ಮಲಗುತ್ತಾಳೆ. ಬೆಕ್ಕು ಈಗ ನೆಲದ ದಾರಿ ಬಿಟ್ಟು ಹಲಗೆಯ ಮೇಲೆಯೇ ಹೋಗಿಬರುತ್ತದೆ.

ಮಳೆಗಾಲಕ್ಕೆ ಮೊದಲು ಒಂದು ಕೆಲಸ ಬಾಕಿಯಿದೆ. ನೆನೆದ ಹಲಗೆ ಜಾರಿದರೆ ಬೆಕ್ಕು ಮತ್ತೆ ನೆಲಕ್ಕೆ ಇಳಿಯುತ್ತದೆ. ಉದ್ದಕ್ಕೂ ಗೋಣಿ ಬಡಿದು, ಗೋಡೆಯ ತಿರುವಿನಲ್ಲಿ ಎರಡಡಿ ತಗಡಿನ ಮಾಡು ಹಾಕಬೇಕು.